ನಾಗರಕಟ್ಟೆಯ ಸುತ್ತ ಇಂಗ್ಲಿಷು

ಮಗಳನ್ನು ಹೈಸ್ಕೂಲಿಗೆ ಸೇರಿಸಲು ಹೋದ ದಿನ ಅಲ್ಲಿನ ಗುಮಾಸ್ತರು ತಲೆ ಎತ್ತದೆ, “ತಾಯಿ ಎಷ್ಟು ಓದ್ಯಾರೆ?” ಎಂದು ಕೇಳಿದರು. ನಮ್ಮ ಯಜಮಾನರಿಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ. “ಎಸ್ಸೆಸ್ಸೆಲ್ಸಿ ಫೇಲು” ಎಂದರು. ಫ್ಯಾನಿನ ಸದ್ದಿಗೆ ಗುಮಾಸ್ತರಿಗೆ ಕೇಳಿಸಲಿಲ್ಲ, “ಏನಂದ್ರಿ?” ಎಂದರು. ಯಜಮಾನರು ತೆಂಗಿನಕಾಯಿ ಮಂಡಿಯಲ್ಲಿ ಕೆಲಸ ಮಾಡುವವರು, ಲಾರಿಯ ಮೇಲೆ ನಿಂತವರಿಗೆ ಕೂಗಿ ಹೇಳಿ ರೂಢಿ. ಅದೇ ದನಿಯಲ್ಲಿ ಇನ್ನೊಂದು ಸಲ ಹೇಳಿದರು. ಸಾಲಿನಲ್ಲಿದ್ದ ಅಪ್ಪ ಅಮ್ಮಂದಿರೆಲ್ಲ ತಿರುಗಿ ನನ್ನನ್ನು ನೋಡಿದರು. ಮಗಳು ತಲೆ ತಗ್ಗಿಸಿ ತನ್ನ ಚಪ್ಪಲಿ ನೋಡಿಕೊಂಡಳು.

ಜನ ನೋಡಿದ್ದು ನನಗೇನೂ ಅನ್ನಿಸಲಿಲ್ಲ. ಮಗಳು ಚಪ್ಪಲಿ ನೋಡಿಕೊಂಡಿದ್ದು ಮಾತ್ರ ಎದೆಗೆ ನಾಟಿತು. ಮನೆಗೆ ಬರುವ ದಾರಿಯಲ್ಲಿ, “ನಾನು ಪಾಸಾಗ್ತೀನಿ” ಎಂದೆ. ಯಜಮಾನರು ಬೈಕಿನ ವೇಗ ಕಡಿಮೆ ಮಾಡಿ, “ಎದ್ರಾಗೆ?” ಎಂದರು.

ಇಂಗ್ಲಿಷಿನಲ್ಲಿ. ನಾನು ಫೇಲಾದದ್ದು ಅದೊಂದರಲ್ಲೇ. ಗಣಿತವನ್ನೂ ವಿಜ್ಞಾನವನ್ನೂ ಶಿವನೇ ಕೈಹಿಡಿದು ದಾಟಿಸಿದ್ದ. ನನ್ನ ತವರು ಚಿಕ್ಕಜಾಜೂರಿನ ಪಕ್ಕದ ಹಳ್ಳಿ. ಅಲ್ಲಿ ಓದುವಾಗ ನಾನು ಇಂಗ್ಲಿಷಿನ ಉತ್ತರಗಳನ್ನೆಲ್ಲ ಬಾಯಿಪಾಠ ಮಾಡಿದ್ದೆ, ಅದೂ ಪೂಜೆಯ ಹೊತ್ತಿಗೆ ಮಂತ್ರ ಹೇಳುವಷ್ಟು ನಿರರ್ಗಳವಾಗಿ. ಆದರೆ ಪ್ರಶ್ನೆ ಓದಲು ಬರುತ್ತಿರಲಿಲ್ಲ. ಹಾಗಾಗಿ ಮೊದಲ ಪ್ರಶ್ನೆಗೆ ಮೊದಲ ಉತ್ತರ, ಎರಡನೆಯದಕ್ಕೆ ಎರಡನೆಯದು ಎಂದು ಸಾಲಾಗಿ ಬರೆದು ಬಂದೆ. ಪ್ರಶ್ನೆಪತ್ರಿಕೆಯವರು ಆ ಸಾಲನ್ನು ಬದಲಾಯಿಸಿದ್ದರು. ಮುದುಕ ಸಂತೆಗೆ ಯಾಕೆ ಹೋದ ಎಂದು ಅವರು ಕೇಳಿದರೆ, ಅವನು ಗೂಡು ಕಟ್ಟಿ ಮೊಟ್ಟೆ ಇಟ್ಟನು ಎಂದು ನಾನು ಬರೆದಿದ್ದೆನಂತೆ. ಆಮೇಲೆ ಮದುವೆಯಾಯಿತು, ಹೊಸದುರ್ಗಕ್ಕೆ ಬಂದೆ, ಇಂಗ್ಲಿಷು ಅಲ್ಲೇ ಉಳಿಯಿತು.

ನಮ್ಮತ್ತೆಯ ಒಪ್ಪಿಗೆ ಇಲ್ಲದೆ ಆ ಮನೆಯಲ್ಲಿ ಮೊಸರಿಗೆ ಹೆಪ್ಪು ಕೂಡ ಹಾಕುವಂತಿರಲಿಲ್ಲ. ಕೇಳಿದೆ. ಅವರು ವಿಭೂತಿ ಹಚ್ಚಿಕೊಳ್ಳುತ್ತಿದ್ದವರು ಬೆರಳನ್ನು ಹಣೆಯಲ್ಲೇ ನಿಲ್ಲಿಸಿದರು.

“ಈ ವಯಸ್ನಾಗೆ ಚೀಲ ತಗುಲಾಕ್ಕಂಡು ಸ್ಕೂಲಿಗೆ ಹೋಗ್ತೀಯಾ? ಮಂದಿ ಏನಂತಾರೆ?”

“ಅನ್ಲಿ ಬಿಡ್ರಿ ಅತ್ತೆ. ಬೆಳಿಗ್ಗೆ ಮಾತ್ರ. ರೊಟ್ಟಿ ಬಡಿದೇ ಹೋಗ್ತೀನಿ.”

“ಇದೊಂದೇ ಸಲ. ಪಾಸಾದ್ರೆ ಸರಿ. ಆಗ್ಲಿಲ್ಲಾಂದ್ರೆ ಆ ಪುಸ್ತಕ ಮತ್ತೆ ಈ ಹೊಸಲು ದಾಟಂಗಿಲ್ಲ.”

ಒಂದು ಸಲವಾದರೂ ಸಿಕ್ಕಿತಲ್ಲ ಎಂದು ದೇವರಿಗೆ ತುಪ್ಪದ ದೀಪ ಹಚ್ಚಿದೆ.

ಫೇಲಾದವರಿಗೆಂದು ನಮ್ಮೂರಿನ ಒಂದು ಹೈಸ್ಕೂಲಿನಲ್ಲಿ ಬೆಳಿಗ್ಗೆ, ಶಾಲೆ ಶುರುವಾಗುವ ಮೊದಲು, ಪಾಠ ನಡೆಯುತ್ತಿತ್ತು. ಮೇಷ್ಟ್ರು ಹೊಳಲ್ಕೆರೆಯಿಂದ ಮೊದಲ ಬಸ್ಸಿಗೆ ಬರುತ್ತಿದ್ದರು. ವಯಸ್ಸು ನನಗಿಂತ ಕಡಿಮೆ. ಆ ಶಾಲೆಗೆ ಆಟದ ಮೇಷ್ಟ್ರು ಇರಲಿಲ್ಲವಾದ್ದರಿಂದ ಇಂಗ್ಲಿಷಿನವರ ಕೊರಳಿಗೇ ಸೀಟಿ ಕಟ್ಟಿದ್ದರು. ಒಂದು ಕಡೆ ನಮಗೆ ಪಾಠ, ಇನ್ನೊಂದು ಕಡೆ ಮೈದಾನದಲ್ಲಿ ರಿಲೇ ಓಟದ ಹುಡುಗಿಯರಿಗೆ ತರಬೇತಿ. ಎರಡನ್ನೂ ಒಂದೇ ಬಾಗಿಲಲ್ಲಿ ನಿಂತು ನಿಭಾಯಿಸುತ್ತಿದ್ದರು. ಒಳಗೆ ವ್ಯಾಕರಣ ಹೇಳುತ್ತ ಹೇಳುತ್ತ ಹೊರಗೆ ತಿರುಗಿ, “ಲೇ, ಮಂಡಿ ಎತ್ರೇ!” ಎಂದು ಕೂಗುವರು. ಮೊದಲ ದಿನ ನಾನು ಗಾಬರಿಯಾಗಿ ಬೆಂಚಿನಲ್ಲೇ ಮಂಡಿ ಎತ್ತಿದ್ದೆ.

ತರಗತಿಯಲ್ಲಿ ಹುಡುಗರೇ ಹೆಚ್ಚು. ಹೆಂಗಸರೆಂದರೆ ನಾನು ಮತ್ತು ಹಿರಿಯೂರು ಕಡೆಯಿಂದ ಮದುವೆಯಾಗಿ ಬಂದಿದ್ದ ಒಬ್ಬಾಕೆ. ಆಕೆ ಬಸ್‌ಸ್ಟ್ಯಾಂಡಿನ ಎದುರು ಹೂವು ಮಾರುತ್ತಿದ್ದಳು. ಮಾತು ಜಾಸ್ತಿ. ಪುಸ್ತಕ ಬಿಚ್ಚಿದರೆ ಮಾತ್ರ ಬಾಯಿ ಮುಚ್ಚಿಬಿಡುತ್ತಿತ್ತು.

ಮೇಷ್ಟ್ರಿಗೊಂದು ಪದ್ಧತಿ ಇತ್ತು. ಎದ್ದು ನಿಂತು ಪಾಠ ಓದಬೇಕು. ತೊದಲಿದರೆ ಪುಸ್ತಕ ಕೆಳಗಿಟ್ಟು ಮೈದಾನಕ್ಕೆ ಒಂದು ಸುತ್ತು ಓಡಿ ಬಂದು, ಏದುಸಿರಿನಲ್ಲೇ ಮತ್ತೆ ಓದಬೇಕು. “ಇದು ಶಿಕ್ಷೆ ಅಲ್ರಪ್ಪ” ಎಂದು ಅವರು ಹೇಳುತ್ತಿದ್ದರು. “ನಿಮ್ಗೆ ಓದಾಕೆ ಬರುತ್ತೆ. ಹೆದರಿಕೆ ಎದೆಯಾಗೆ ಕುಂತೈತೆ. ಓಡಿದ್ರೆ ಅದು ಉದುರಿ ಹೋಗುತ್ತೆ. ಉಸ್ರು ಬಿಡಾಕೇ ಪುರುಸೊತ್ತಿಲ್ದೋನು ಹೆದ್ರಾಕೆ ಎಲ್ಲಿ ಹೋಗ್ತಾನೆ?”

ನನ್ನ ಸರದಿ ಬಂತು. ಮೊದಲ ಸಾಲಿನಲ್ಲೇ ತೊದಲಿದೆ. ಅಕ್ಷರಗಳು ರಾಗಿಯ ಮೇಲೆ ಹರಿಯುವ ಇರುವೆಗಳ ಹಾಗೆ ಕಂಡವು. ಮೇಷ್ಟ್ರು, “ಇರ್ಲಿ ಬಿಡ್ರಮ್ಮ, ನೀವು ಕುಂತ್ಕಳ್ರಿ” ಎಂದರು. ಹಿಂದಿನ ಬೆಂಚಿನವನೊಬ್ಬ ಸುಮ್ಮನಿರಲಿಲ್ಲ.

“ಸಾರ್, ಅಕ್ಕಂಗೆ ಯಾಕ್ ಮಾಫಿ? ಅಕ್ಕಂಗೇನು ಕಾಲಿಲ್ವಾ?”

“ಲೇ, ಅವ್ರು ನಿಮ್ಮವ್ವನ ವಯಸ್ನೋರು ಕಣೋ.”

ಅವನ ಅವ್ವನ ವಯಸ್ಸು ಎಂದಿದ್ದಕ್ಕೆ ನನಗೆ ಎಲ್ಲಿಲ್ಲದ ರೋಷ ಬಂತು. ಸೆರಗು ಸಿಕ್ಕಿಸಿ, ನೆರಿಗೆ ಎತ್ತಿ ಕಟ್ಟಿ, ಚಪ್ಪಲಿ ಬಿಟ್ಟು ಮೈದಾನಕ್ಕೆ ಇಳಿದೆ.

ಆ ಮೈದಾನದ ನಡುವೆ ಒಂದು ಅರಳಿಮರ, ಅದರ ಬುಡದಲ್ಲಿ ಕಲ್ಲಿನ ಕಟ್ಟೆ, ಕಟ್ಟೆಯ ಮೇಲೆ ನಾಗರಕಲ್ಲುಗಳು. ಶಾಲೆ ಕಟ್ಟುವ ಮೊದಲಿನಿಂದಲೂ ಇದ್ದ ದೇವರು. ನಾಗರಪಂಚಮಿಗೆ ಊರಿನ ಹೆಂಗಸರು ಅಲ್ಲೇ ಹಾಲೆರೆಯುವುದು. ಓಟದ ಸುಣ್ಣದ ಗೆರೆ ಆ ಕಟ್ಟೆಯನ್ನು ಸುತ್ತಿ ಹೋಗುತ್ತಿತ್ತು. ನಾನು ನಾಗಪ್ಪನಿಗೆ ಕೈಮುಗಿದು, ಅವನನ್ನು ಬಲಕ್ಕೆ ಇಟ್ಟುಕೊಂಡು ಓಡಲು ಶುರುಮಾಡಿದೆ. ಹುಟ್ಟಿದಾಗಿನಿಂದ ದೇವರನ್ನು ಸುತ್ತಿರುವುದು ಹಾಗೆಯೇ. ಬೇರೆ ದಿಕ್ಕು ಒಂದಿದೆ ಎಂದು ನನ್ನ ಕಾಲಿಗೆ ಗೊತ್ತೇ ಇರಲಿಲ್ಲ.

ಎದುರಿನಿಂದ ರಿಲೇ ಹುಡುಗಿಯರು ಬಂದರು. ಅವರು ಬರುತ್ತಾರೆ, ನಾನು ಹೋಗುತ್ತೇನೆ, ಗೆರೆ ಒಂದೇ. ಮೊದಲನೆಯವಳು ಪಕ್ಕಕ್ಕೆ ಹಾರಿದಳು. ಎರಡನೆಯವಳು, “ಆಂಟೀ!” ಎಂದು ಕಿರುಚಿ ಕಟ್ಟೆಯ ಮೇಲೆ ಕೂತಳು. ಮೇಷ್ಟ್ರು ಸೀಟಿ ಊದಿದರು.

“ಅಮ್ಮಾ, ಉಲ್ಟಾ ಓಡ್ತಿದೀರಿ!”

“ಸಾರ್, ನೀವೇ ಉಲ್ಟಾ ಓಡಿಸ್ತಿದೀರಿ. ನಾಗಪ್ಪನ್ನ ಎಡಕ್ಕೆ ಹಾಕ್ಕಂಡು ಯಾರಾದ್ರೂ ಸುತ್ತುತಾರಾ? ಅಪ್ರದಕ್ಷಿಣೆ ಆಗುತ್ತೆ.”

“ಓಟದ ನಿಯಮನೇ ಹಂಗಮ್ಮ. ಇಡೀ ಪ್ರಪಂಚ ಎಡಕ್ಕೇ ಓಡೋದು.”

“ಪ್ರಪಂಚದೋರ ಮೈದಾನದಾಗೆ ನಾಗರಕಟ್ಟೆ ಇಲ್ಲ ಸಾರ್. ನಮ್ಮದ್ರಾಗೆ ಐತೆ.”

ನಾನು ಸುತ್ತು ಮುಗಿಸಿ ಒಳಗೆ ಹೋಗಿ ಪುಸ್ತಕ ಹಿಡಿದೆ. ಆಶ್ಚರ್ಯವೆಂದರೆ, ಓದಿದೆ. ಹೊಸ ಪುಸ್ತಕದಲ್ಲೂ ಆ ಹಳೆಯ ಪಾಠ ಇತ್ತು. ಮುದುಕ ಸಂತೆಗೆ ಹೋದದ್ದು ಎಮ್ಮೆ ಮಾರಲು ಎಂದು ಇಷ್ಟು ವರ್ಷಗಳ ಮೇಲೆ ನನಗೆ ತಿಳಿಯಿತು. ಕಣ್ಣಲ್ಲಿ ನೀರು ಬಂತು. ಬೆವರು ಎಂದುಕೊಂಡರು ಎಲ್ಲರೂ, ಅದೂ ಒಳ್ಳೆಯದೇ ಆಯಿತು.

ಅಂದಿನಿಂದ ನಾನು ತೊದಲುವುದು, ಓಡುವುದು, ಬಂದು ಓದುವುದು. ದಾರಿಯಲ್ಲಿ ಕಂಡದ್ದನ್ನೆಲ್ಲ ಓದತೊಡಗಿದೆ. ಶಾಂಪೂ ಪೊಟ್ಟಣ, ಗೊಬ್ಬರದ ಚೀಲ, ಬಸ್ಸಿನ ಕಿಟಕಿಯ ಮೇಲಿನ ಕೆಂಪು ಅಕ್ಷರ. ಸೋಪಿನ ಮೇಲೆ ಬರೆದಿದ್ದನ್ನು ಓದಿ ಮುಗಿಸುವ ಹೊತ್ತಿಗೆ ನೀರು ಆರಿ ಹೋಗುತ್ತಿತ್ತು. “ನಿಮ್ಮವ್ವ ಬಚ್ಚಲಾಗೆ ಯಾರ ಜೊತೆ ಮಾತಾಡ್ತಾಳೆ?” ಎಂದು ಯಜಮಾನರು ಮಗಳನ್ನು ಕೇಳಿದರಂತೆ.

ಊರಿಗೂ ಸುದ್ದಿ ಮುಟ್ಟಿತು. ಹಾಲಿನ ಡೈರಿಯ ಹತ್ತಿರ ಒಬ್ಬಾಕೆ ನಮ್ಮತ್ತೆಯನ್ನು ಹಿಡಿದು ನಿಲ್ಲಿಸಿ ಕೇಳಿದಳು.

“ನಿಮ್ ಸೊಸೆ ಹೈಸ್ಕೂಲ್ ಗ್ರೌಂಡಾಗೆ ಓಡ್ತಿದ್ಲು ಕಣ್ರೀ. ಯಾರು ಅಟ್ಟಿಸ್ಕಂಡು ಬಂದಿದ್ರು?”

“ಇಂಗ್ಲಿಷು” ಎಂದು ಹೇಳಿ ಅತ್ತೆ ಹಾಲಿನ ಕ್ಯಾನು ಎತ್ತಿಕೊಂಡು ಬಂದರಂತೆ. ಮನೆಗೆ ಬಂದು ಮಾತ್ರ ನನ್ನ ಜೊತೆ ಎರಡು ದಿನ ಮಾತು ಬಿಟ್ಟರು.

ಅಷ್ಟಕ್ಕೇ ನಿಂತಿದ್ದರೆ ಯಾರಿಗೂ ತೊಂದರೆ ಇರಲಿಲ್ಲ. ಹೂವಿನಾಕೆ ನನ್ನ ಜೊತೆ ಬಲಕ್ಕೆ ಓಡತೊಡಗಿದಳು. ಓಡುತ್ತಲೇ ಎದುರು ಬಂದ ಹುಡುಗರಿಗೆ, “ಪರೀಕ್ಷೆ ಹತ್ರ ಐತೆ, ನಾಗದೋಷ ತಗುಲಿಸ್ಕಳ್ರಪ್ಪ, ನಮಗೇನು!” ಎಂದು ಹೇಳಿಕೊಂಡು ಹೋಗುವಳು. ಮೊದಲೇ ಫೇಲಾಗಿ ನೊಂದ ಹುಡುಗರು, ಇನ್ನೊಂದು ದೋಷ ಯಾರಿಗೆ ಬೇಕು? ಅವರೂ ತಿರುಗಿದರು. ಆಮೇಲೆ ರಿಲೇ ಹುಡುಗಿಯರು, “ಸಾರ್, ಎಲ್ರೂ ಎದುರಿಗೇ ಬರ್ತಾರೆ, ನಾವೂ ಬಲಕ್ಕೇ ಓಡ್ತೀವಿ” ಎಂದು ಹಟ ಹಿಡಿದರು. ದಿನಾ ಡಿಕ್ಕಿ ಬಿಡಿಸಿ ಸಾಕಾಗಿದ್ದ ಮೇಷ್ಟ್ರು, “ಎಂಗಾದ್ರೂ ಓಡ್ರಿ, ಸುತ್ತು ಸುತ್ತೇ” ಎಂದುಬಿಟ್ಟರು. ಮೈದಾನದಲ್ಲಿ ಶಾಂತಿ ನೆಲೆಸಿತು. ಇಡೀ ಶಾಲೆ ನಾಗಪ್ಪನಿಗೆ ಪ್ರದಕ್ಷಿಣೆ ಹಾಕುತ್ತಿರುವುದನ್ನು ನೋಡಿ ನನಗೆ ಪುಣ್ಯ ಬಂದ ಹಾಗೇ ಆಗಿತ್ತು.

ತಾಲ್ಲೂಕು ಮಟ್ಟದ ಕ್ರೀಡಾಕೂಟ ಬಂತು. ಗೆದ್ದರೆ ಚಿತ್ರದುರ್ಗದ ಜಿಲ್ಲಾ ಕೂಟಕ್ಕೆ ಹೋಗಬಹುದು. ನಾವೂ ನೋಡಲು ಹೋದೆವು. ರಿಲೇ ಶುರುವಾಯಿತು. ನಮ್ಮ ಮೊದಲ ಹುಡುಗಿ, ಬೇರೆಯವರ ಜೊತೆ ನಿಂತು ಎಡಕ್ಕೇ ಹೊರಟವಳು, ಎಲ್ಲರಿಗಿಂತ ಮುಂದೆ, ಕೋಲು ಹಿಡಿದು ಹಾರಿಕೊಂಡು ಬಂದಳು. ಎರಡನೆಯವಳು ಕೈಚಾಚಿ, ಮೈಯೆಲ್ಲ ಕಣ್ಣಾಗಿ ನಿಂತಿದ್ದಳು. ಆದರೆ ದಿನಾ ಅಭ್ಯಾಸದಲ್ಲಿ ಗೆಳತಿ ಯಾವ ಕಡೆಯಿಂದ ಬರುತ್ತಿದ್ದಳೋ ಆ ಕಡೆಗೇ ಮುಖ ಮಾಡಿದ್ದಳು. ಬೆನ್ನ ಹಿಂದೆ ಬಂದು ನಿಂತವಳು, “ಲೇ, ಈ ಕಡೆ! ಈ ಕಡೆ ಕಣೇ!” ಎಂದು ಅರಚುತ್ತಿದ್ದಾಳೆ. ಇವಳು ಖಾಲಿ ಗೆರೆಯನ್ನು ನೋಡುತ್ತ, “ಬೇಗ ಬಾರೇ!” ಎಂದು ಅರಚುತ್ತಿದ್ದಾಳೆ. ಕೊನೆಗೆ ಕೋಲಿನಿಂದ ಬೆನ್ನಿಗೊಂದು ಬಿದ್ದ ಮೇಲೆ ತಿರುಗಿದಳು. ತಿರುಗಿದವಳು ಕೋಲು ಕಿತ್ತುಕೊಂಡು ಬಲಕ್ಕೇ ಓಡಿದಳು. ಬೇರೆ ಶಾಲೆಯ ಹುಡುಗಿಯರೆಲ್ಲ ಅವಳಿಗೆ ಎದುರಾದರು.

ಜನ ನಕ್ಕು ನಕ್ಕು ಸುಸ್ತಾದರು. ನಮ್ಮ ಹೆಡ್ ಮೇಡಂ ನಗಲಿಲ್ಲ. ಮರುದಿನ ನನ್ನನ್ನೂ ಮೇಷ್ಟ್ರನ್ನೂ ಎದುರು ನಿಲ್ಲಿಸಿಕೊಂಡರು.

“ಇದೇನು ಸ್ಕೂಲಾ, ದೇವಸ್ಥಾನನಾ? ಮಕ್ಕಳ ತಲೆ ಕೆಡಿಸಿದ್ದು ಸಾಕು. ಇನ್ನು ಈ ಬೆಳಗಿನ ಕ್ಲಾಸಿನವರು ಗ್ರೌಂಡಿಗೆ ಇಳಿಯೋ ಹಂಗಿಲ್ಲ. ಇಳಿಯಲೇಬೇಕು ಅಂದ್ರೆ ನಿಯಮದ ಪ್ರಕಾರ ಎಡಕ್ಕೆ ಓಡ್ರಿ. ಇನ್ನೊಂದು ಸಲ ಬಲಕ್ಕೆ ಓಡಿದ್ದು ಕಂಡ್ರೆ ಕ್ಲಾಸೇ ಬಂದ್.”

ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಆ ಹುಡುಗಿಯ ಮುಖ ನೆನೆದರೆ ನನಗೂ ಅನ್ನ ಇಳಿಯುತ್ತಿರಲಿಲ್ಲ. ಅವಳ ಮನೆಗೆ ಹೋಳಿಗೆ ಮಾಡಿಕೊಂಡು ಹೋದೆ. “ಬಿಡ್ರಿ ಆಂಟಿ, ಎಲ್ರೂ ನನ್ ಹೆಸರು ಕೇಳ್ತಾವ್ರೆ” ಎಂದು ಅವಳು ಖುಷಿಯಾಗಿಯೇ ಇದ್ದಳು.

ಕಷ್ಟವಾದದ್ದು ನನಗೆ. ಓಟ ನಿಂತಿತು, ಅದರ ಜೊತೆ ಓದೂ ನಿಂತಿತು. ಎದ್ದು ನಿಂತರೆ ಮತ್ತೆ ಅದೇ ಇರುವೆಗಳು. ಪರೀಕ್ಷೆ ಹತ್ತಿರ ಬರುತ್ತಿತ್ತು. ಮೇಷ್ಟ್ರು, “ಎಡಕ್ಕೇ ಒಂದ್ ಸುತ್ತು ಓಡಿ ಬನ್ರಮ್ಮ, ದೇವ್ರು ಏನೂ ಅನ್ಕಳಲ್ಲ” ಎಂದರು. ಕಟ್ಟೆಯ ತನಕ ಹೋದೆ. ಎಡಕ್ಕೆ ಕಾಲೆತ್ತಿದರೆ ಕಾಲು ಏಳಲಿಲ್ಲ. ದೋಷ ತಗುಲಿದರೆ ಎಂದು ಮಗಳು, ಗಂಡ, ಮನೆ ಎಲ್ಲ ಕಣ್ಣಮುಂದೆ ಬಂದವು. ಸುಮ್ಮನೆ ವಾಪಸು ಬಂದು ಕುಳಿತೆ.

ಅತ್ತೆ ಇದನ್ನೆಲ್ಲ ನೋಡುತ್ತಿದ್ದರೋ ಏನೋ, ಒಂದು ಸೋಮವಾರ, “ಹಾಲುರಾಮೇಶ್ವರಕ್ಕೆ ಹೋಗಾಣ, ರೆಡಿಯಾಗು” ಎಂದರು. ಅಲ್ಲಿ ಗಂಗಮ್ಮನ ಕೊಳವಿದೆ. ಮನಸ್ಸಿನಲ್ಲಿರುವುದನ್ನು ಬೇಡಿಕೊಂಡು ನಿಂತರೆ ತಾಯಿ ನೀರಿನ ಒಳಗಿಂದ ಹೂವೋ ಹಣ್ಣೋ ತೇಲಿಸಿ ಕೊಡುತ್ತಾಳೆ, ಬಂದರೆ ಬೇಡಿದ್ದು ಆಗುತ್ತದೆ ಎಂದು ನಮ್ಮ ಕಡೆಯ ನಂಬಿಕೆ.

ನಾನು ಬೇಡಿಕೊಂಡೆ: ತಾಯಿ, ಎಡಕ್ಕೆ ಓಡಿದರೆ ದೋಷವಿಲ್ಲ ಎಂದು ಒಂದು ಗುರುತು ಕೊಡು. ಅತ್ತೆಯೂ ಕಣ್ಣು ಮುಚ್ಚಿ ಏನೋ ಬೇಡಿಕೊಂಡರು. ಬಹಳ ಹೊತ್ತು ನೀರು ಅಲುಗಲಿಲ್ಲ. ಆಮೇಲೆ ಒಂದು ಬಾಳೆಹಣ್ಣು ಮೇಲೆ ಬಂತು. ಸರಿಯಾಗಿ ನಮ್ಮಿಬ್ಬರ ನಡುವೆ.

“ನಂದು” ಎಂದೆ.

“ನಿಂದ್ಯಾಕಾಗುತ್ತೆ? ನಂದು. ನನ್ ಕಡೆಗೇ ತಿರುಗೈತೆ ನೋಡು.”

“ನೀವೇನು ಬೇಡಿದ್ರಿ ಅತ್ತೆ?”

ಅವರು ಹಣ್ಣನ್ನು ಸೆರಗಿನಲ್ಲಿ ಒರೆಸಿದರು. “ಇವಳನ್ನ ಪಾಸ್ ಮಾಡವ್ವ, ನಮ್ಮನೆ ಹೆಣ್ಮಗಳು ಗ್ರೌಂಡಾಗೆ ಓಡೋದು ನಿಲ್ಲಲಿ ಅಂತ.”

ಇಬ್ಬರೂ ಅರ್ಧರ್ಧ ತಿಂದೆವು. ಬಸ್ಸಿಗೆ ಕಾಯುವಾಗ ನಾನು ನನ್ನ ಸಂಕಟ ಹೇಳಿದೆ. ಎಡಕ್ಕೆ ಓಡಿದರೆ ದೋಷ, ಓಡದಿದ್ದರೆ ಫೇಲು. ಅತ್ತೆ ನನ್ನ ಕಡೆ ತಿರುಗಿದರು.

“ಅಷ್ಟೇನಾ? ನೀನು ಎಡಕ್ಕೆ ಓಡು. ನಾನು ಬಂದು ನಾಗಪ್ಪಂಗೆ ಬಲಕ್ಕೆ ಸುತ್ತು ಹಾಕ್ತೀನಿ. ನೀನು ಬಿಚ್ಚಿದ್ದನ್ನ ನಾನು ಸುತ್ತುತೀನಿ. ಮನೆ ಒಂದೇ ತಾನೆ, ಸಮ ಆಗುತ್ತೆ.”

ಮಠದ ಸ್ವಾಮಿಗಳನ್ನು ಕೇಳಿದ್ದರೂ ಇಷ್ಟು ಸುಲಭವಾಗಿ ಪರಿಹಾರ ಸಿಗುತ್ತಿರಲಿಲ್ಲ.

ಮರುದಿನದಿಂದ ಅತ್ತೆ ಹಾಲಿನ ಚೊಂಬು ಹಿಡಿದು ನನ್ನ ಜೊತೆ ಶಾಲೆಗೆ ಬರತೊಡಗಿದರು. ಹೊರಗೆ ಗೆರೆಯ ಮೇಲೆ ನಾನು ಎಡಕ್ಕೆ, ಒಳಗೆ ಕಟ್ಟೆಯ ಸುತ್ತ ಅವರು ಬಲಕ್ಕೆ. ಎದುರಾದಾಗಲೆಲ್ಲ ಅವರದೊಂದು ಮಾತು. “ಸೆರಗು ನೋಡ್ಕ.” “ಅದೇನು ನಡಿಗೆನಾ, ಓಟನಾ?” “ಸಾರಿಗೆ ಬೇಳೆ ಇಟ್ಟು ಬಂದಿದೀಯಾ?” ಹೆಡ್ ಮೇಡಂ ಕಿಟಕಿಯಿಂದ ನೋಡಿದರು. ಓಡುವವಳು ನಿಯಮದ ಪ್ರಕಾರ ಓಡುತ್ತಿದ್ದಳು. ನಾಗಪ್ಪನಿಗೆ ಸುತ್ತು ಹಾಕುವ ಮುದುಕಿಯನ್ನು ಬೇಡವೆನ್ನಲು ಅವರಿಗೂ ಧೈರ್ಯ ಬರಲಿಲ್ಲ. ಹೂವಿನಾಕೆ ದಿನಾ ಒಂದು ಮೊಳ ಮಲ್ಲಿಗೆ ತಂದು, “ಅತ್ತಮ್ಮಾ, ನನ್ ಸುತ್ತಿಗೂ ಒಂದು ಸೇರಿಸ್ಕಳ್ರಿ” ಎನ್ನುವಳು. ಅತ್ತೆ ಅವಳದ್ದನ್ನೂ ಸುತ್ತಿ ಕೊಟ್ಟರು. ನಾನು ಓಡಿ ಬಂದು ಪುಸ್ತಕ ಹಿಡಿದರೆ ಅಕ್ಷರಗಳು ತಮ್ಮ ತಮ್ಮ ಜಾಗದಲ್ಲಿ ಇರುತ್ತಿದ್ದವು.

ಪರೀಕ್ಷೆಯ ಕೇಂದ್ರ ಹೊಳಲ್ಕೆರೆ. ಯಜಮಾನರು ಮಂಡಿಗೆ ರಜಾ ಹಾಕಿ ಬೈಕಿನಲ್ಲಿ ಬಿಟ್ಟುಬಂದರು. ಪ್ರಶ್ನೆಪತ್ರಿಕೆ ಕೈಗೆ ಬಂತು. ವಿಭೂತಿಯ ಹಣೆಗೆ ಒತ್ತಿಕೊಂಡು ಮೊದಲ ಪ್ರಶ್ನೆ ಓದಿದೆ. ಗಟ್ಟಿಯಾಗಿ.

ಇಡೀ ಕೊಠಡಿ ತಿರುಗಿತು. ಮೇಲ್ವಿಚಾರಕಿ ಓಡಿ ಬಂದರು.

“ಏನ್ ಮಾಡ್ತಿದೀರಿ? ಮನಸ್ಸಲ್ಲಿ ಓದ್ಕಳ್ರಿ!”

“ಮನಸ್ಸಲ್ಲಿ ನಂಗೆ ಇಂಗ್ಲಿಷ್ ಬರಲ್ಲ ಮೇಡಂ. ಬಾಯಲ್ಲಿ ಮಾತ್ರ ಬರುತ್ತೆ.”

“ಹಂಗಾದ್ರೆ ಎದ್ದು ಹೊರಗೆ ಹೋಗ್ಬೇಕಾಗುತ್ತೆ. ಬೇರೆಯೋರು ಬರೀಬೇಕಲ್ಲ?”

ನಿಜಕ್ಕೂ ಬರುತ್ತಿರಲಿಲ್ಲ. ನಮ್ಮ ಮೇಷ್ಟ್ರು ಎಲ್ಲವನ್ನೂ ಕಲಿಸಿದ್ದರು, ಬಾಯಿ ಮುಚ್ಚಿ ಓದುವುದೊಂದನ್ನು ಬಿಟ್ಟು. ಕಣ್ಣಿನಲ್ಲಿ ಓದಲು ಹೋದೆ, ಸಾಲು ಜಾರಿತು. ಇದೊಂದೇ ಸಲ ಎಂದ ಅತ್ತೆಯ ಮಾತು ಕಿವಿಯಲ್ಲಿ ಗುಂಯ್‌ಗುಟ್ಟಿತು. “ಶಿವನೇ” ಎಂದೆ. ಎಂದವಳಿಗೆ, ಅದನ್ನು ಅಂದದ್ದು ಯಾರಿಗೂ ಕೇಳಿಸಲಿಲ್ಲ ಎನ್ನುವುದು ಹೊಳೆಯಿತು. ದಿನಾ ಬೆಳಿಗ್ಗೆ ಲಿಂಗದ ಮುಂದೆ ಕುಳಿತು ಜಪ ಮಾಡುವುದು ಹೀಗೇ ಅಲ್ಲವೆ? ತುಟಿ ಅಲುಗುತ್ತದೆ, ನಾಲಿಗೆ ಹೊರಳುತ್ತದೆ, ದನಿ ಹಲ್ಲಿನ ಹೊರಗೆ ಬರುವುದಿಲ್ಲ. ಪಕ್ಕದಲ್ಲಿ ಮಲಗಿದ ಬೆಕ್ಕಿಗೂ ಎಚ್ಚರವಾಗುವುದಿಲ್ಲ.

ಸೆರಗನ್ನು ಬಾಯಿಗೆ ಅಡ್ಡ ಹಿಡಿದೆ. ಪ್ರಶ್ನೆಯನ್ನು ಜಪ ಮಾಡಿದೆ. ಒಂದೊಂದೇ ಪದ, ಒಂದೊಂದೇ ಮಣಿ ಸರಿಸಿದಂತೆ. ಒಂದು ಹಕ್ಕಿ ಎಲ್ಲಿ ಗೂಡು ಕಟ್ಟಿತು ಎಂದು ಕೇಳಿದ್ದರು. ಹಕ್ಕಿಯ ಬಗ್ಗೆಯೇ ಬರೆದೆ. ಮೇಲ್ವಿಚಾರಕಿ ಎರಡು ಸಲ ಹತ್ತಿರ ಬಂದು ನಿಂತರು. ನನ್ನ ತುಟಿ ನೋಡಿದರು, ಹಣೆಯ ವಿಭೂತಿ ನೋಡಿದರು, ಪಾಪ ಅನ್ನಿಸಿತೋ ಏನೋ, ಮುಂದಿನ ಬೆಂಚಿನ ಕಡೆ ಹೋದರು. ಅವರ ಮನೆ ತಣ್ಣಗಿರಲಿ.

ಫಲಿತಾಂಶ ಬಂದ ದಿನ ಮಗಳು ಅಡಿಗೆಮನೆಯ ಕಟ್ಟೆಯ ಮೇಲೆ ಮೊಬೈಲ್ ಇಟ್ಟು ನೋಡಿದಳು. ಪರದೆಯ ಮೇಲಿನ ಚಕ್ರ ತಿರುಗುತ್ತಲೇ ಇತ್ತು. ನಾನು ಚಪಾತಿ ಹಿಟ್ಟು ನಾದುತ್ತಲೇ ಇದ್ದೆ, ಅಂದಿನ ಚಪಾತಿಯಷ್ಟು ಮೆತ್ತನೆಯದು ನಮ್ಮ ಮನೆಯಲ್ಲಿ ಮತ್ತೆ ಆಗಿಲ್ಲ. ಮಗಳು, “ಅವ್ವಾ!” ಎಂದು ಕಿರುಚಿ ಹಿಟ್ಟಿನ ಕೈಯನ್ನೇ ಹಿಡಿದು ಎಳೆದಾಡಿದಳು. ಬೇಕಿದ್ದಕ್ಕಿಂತ ಒಂದೇ ಒಂದು ಅಂಕ ಹೆಚ್ಚು ಬಂದಿತ್ತು. ಇನ್ನೂ ಹೆಚ್ಚು ಬಂದಿದ್ದರೆ ನನಗೆ ಜಂಬ ಬರುತ್ತಿತ್ತು. ದೇವರು ನನ್ನ ಕೈಯಳತೆ ನೋಡಿಯೇ ಬಡಿಸಿದ್ದಾನೆ.

ಅತ್ತೆ ದೇವರ ಮನೆಯಿಂದ, “ಏನಂತೆ?” ಎಂದರು.

“ಪಾಸು, ಅಜ್ಜಿ!”

ಅವರು ಗಂಟೆ ಬಾರಿಸಿ, ಮಂಗಳಾರತಿ ಮುಗಿಸಿ, ಸೀರೆ ಬದಲಾಯಿಸಿದರು. ಹಾಲು ಹಾಕುವ ಹೊತ್ತು ಇನ್ನೂ ಆಗಿರಲಿಲ್ಲ, ಆದರೂ ಖಾಲಿ ಕ್ಯಾನು ಹಿಡಿದು ಡೈರಿಯ ಕಡೆ ಹೊರಟರು. ಗೇಟಿನ ಹತ್ತಿರ ನಿಂತು ನನ್ನ ಕಡೆ ತಿರುಗಿದರು.

“ಪೂರ್ತಿ ಪಾಸು ತಾನೆ? ಏನೂ ಬಾಕಿ ಇಲ್ಲ ತಾನೆ?”

“ಪೂರ್ತಿ ಅತ್ತೆ.”

“ಸರಿ. ಒಲೆ ಮೇಲೆ ಸಾರೈತೆ, ನೋಡ್ಕ” ಎಂದು ಹೇಳಿ ಹೋದರು. ಮಗಳು ಚಪ್ಪಲಿ ಮೆಟ್ಟಿಕೊಂಡು, “ಅಜ್ಜಿ, ನಾನೂ ಬರ್ತೀನಿ, ನಾನು ಹೇಳ್ತೀನಿ” ಎಂದು ಅವರ ಹಿಂದೆಯೇ ಓಡಿದಳು.